ಬಿಚ್ಚಲು ಬರುವ ಉಲ್ಲನ್ ಕೊಳ್ಳಿ: ಹೊಸದಾಗಿ ಸ್ವೆಟರ್ ಕಡ್ಡಿ ಹಿಡಿದವರಿಗೆ

ತುಮಕೂರಿನಿಂದ ಬೆಂಗಳೂರಿಗೆ ದಿನಾ ಬೆಳಗಿನ ರೈಲಿನಲ್ಲಿ ಓಡಾಡುವ ನಾವು ಐದಾರು ಜನ ಹೆಂಗಸರು ಬೋಗಿಯ ಒಂದು ಮೂಲೆಯಲ್ಲಿ ಕೂತು ಉಲ್ಲನ್ ಹಾಕುತ್ತೇವೆ. ದೀಪಾವಳಿ ಕಳೆದು ಚಳಿ ಶುರುವಾಯಿತೆಂದರೆ ಒಬ್ಬರಿಬ್ಬರು ಹೊಸಬರು ಬಂದು ಸೇರುತ್ತಾರೆ. ಸಂಕ್ರಾಂತಿ ಹೊತ್ತಿಗೆ ಅವರಲ್ಲಿ ಅರ್ಧ ಜನ ಮತ್ತೆ ಮೊಬೈಲ್ ಹಿಡಿದಿರುತ್ತಾರೆ. ಕೈ ತಿರುಗಲಿಲ್ಲ ಅಂತ ಬಿಟ್ಟವರು ತೀರಾ ಕಮ್ಮಿ. ಅಂಗಡಿಯಲ್ಲಿ ಚೆಂದ ಕಂಡ ದಾರ ತಂದು, ಮೊಬೈಲ್‌ನಲ್ಲಿ ಚೆಂದ ಕಂಡ ಪ್ಯಾಟರ್ನ್ (ಹೇಗೆ ಹಾಕಬೇಕೆಂದು ಬರೆದ ವಿವರ) ಹಿಡಿದು, ಎರಡೂ ಒಂದಕ್ಕೊಂದು ಹೊಂದದೆ ಸಾಕಾಗಿ ಬಿಟ್ಟವರೇ ಹೆಚ್ಚು.

ನಾನೂ ಹಾಗೇ ಶುರು ಮಾಡಿದವಳು. ಮೊದಲು ತಂದದ್ದು ಕಪ್ಪು ಬಣ್ಣದ, ಮೈತುಂಬ ರೋಮವಿದ್ದ ದಾರ. ಮುಟ್ಟಿದರೆ ಬೆಕ್ಕಿನ ಮರಿ ಮುಟ್ಟಿದ ಹಾಗೆ. ಹತ್ತು ಸಾಲು ಹಾಕುವಷ್ಟರಲ್ಲಿ ಮೂವತ್ತು ಕುಣಿಕೆ (ಕಡ್ಡಿಯ ಮೇಲೆ ದಾರದ ಒಂದೊಂದು ಸುತ್ತು) ಮೂವತ್ತಾರಾಗಿತ್ತು. ಎಲ್ಲಿ ಹೆಚ್ಚಾಯಿತು ಅಂತ ನೋಡಿದರೆ ಆ ಕಪ್ಪಿನಲ್ಲಿ ಏನೂ ಕಾಣದು. ಬಿಚ್ಚೋಣ ಅಂದರೆ ರೋಮಗಳು ಒಂದಕ್ಕೊಂದು ತೆಕ್ಕೆ ಹಾಕಿಕೊಂಡು ಗಂಟು. ಎದುರು ಕೂತಿದ್ದ ಹಿರಿಯರೊಬ್ಬರು ನೋಡಿ ನೋಡಿ ಕೊನೆಗೆ, "ಯಾಕಮ್ಮಾ, ಮೊದಲನೇ ಸಲಕ್ಕೇ ಕಪ್ಪು ತಗೊಂಡಿದ್ದೀಯಾ? ಕಣ್ಣು ಕಳ್ಕೊಳ್ಳೋಕಾ? ಬಿಚ್ಚಕ್ಕೆ ಬರೋ ಅಂಥಾ ದಾರ ತಗೋ" ಅಂದರು. ಕುಣಿಕೆ ಎಣಿಸಲು ಕಾಣಬೇಕು, ತಪ್ಪಿದರೆ ಸರಾಗ ಬಿಚ್ಚಿಕೊಳ್ಳಬೇಕು, ಅದೇ ದಾರದಲ್ಲಿ ಮತ್ತೆ ಹಾಕಲು ಬರಬೇಕು. ಮುಂದೆ ನಾನು ಹೇಳುವುದೆಲ್ಲ ಅವರ ಆ ಮಾತಿನ ವಿಸ್ತಾರ ಅಷ್ಟೆ.

ಅಂಗಡಿಯಲ್ಲಿ ದಾರ ಕೈಗೆ ತಗೊಂಡಾಗ

ನಮ್ಮ ಕಡೆ ಫ್ಯಾನ್ಸಿ ಸ್ಟೋರ್‌ನಲ್ಲಿ "ಉಲ್ಲನ್ ಕೊಡಿ" ಅಂದರೆ ಸಿಗುವುದು ಬಹುಪಾಲು ಅಕ್ರಿಲಿಕ್. ಕುರಿಗೂ ಅದಕ್ಕೂ ಸಂಬಂಧವಿಲ್ಲ. ಇದರಲ್ಲಿ ಬೇಜಾರು ಮಾಡಿಕೊಳ್ಳುವಂಥದ್ದೇನಿಲ್ಲ, ಕಲಿಯುವವರಿಗೆ ಅಕ್ರಿಲಿಕ್ಕೇ ಸರಿ. ಬೆಲೆ ಕಮ್ಮಿ, ಒಗೆದರೆ ಕುಗ್ಗುವುದಿಲ್ಲ, ನುಸಿ ಹಿಡಿಯುವುದಿಲ್ಲ, ನಾಲ್ಕೈದು ಸಲ ಬಿಚ್ಚಿ ಹಾಕಿದರೂ ತಡೆಯುತ್ತದೆ. ಅದಕ್ಕೆ ಆಗದ್ದು ಇಸ್ತ್ರಿ ಪೆಟ್ಟಿಗೆ ಮಾತ್ರ. ನಾನು ಒಮ್ಮೆ ಟೋಪಿಯ ಅಂಚು ನೀಟಾಗಿ ಕೂರಲಿ ಅಂತ ಬಿಸಿ ಇಸ್ತ್ರಿ ಎಳೆದೆ. ರಬ್ಬರಿನಂತೆ ಹಿಡಿದುಕೊಳ್ಳುತ್ತಿದ್ದ ಅಂಚು ಹಳೇ ಬನಿಯನ್ನಿನಂತೆ ಜೋತುಬಿತ್ತು. ಆಮೇಲೆ ಏನು ಮಾಡಿದರೂ ಸರಿಹೋಗುವುದಿಲ್ಲ.

ಬಣ್ಣದ ವಿಷಯ ಮೊದಲೇ ಮುಗಿಸಿಬಿಡೋಣ. ತಿಳಿಬಣ್ಣ, ಒಂದೇ ಬಣ್ಣ. ಹಾಲುಬಿಳಿ ತಂದರೆ ಓಡಾಡುವ ಕೈಗೆ ವಾರದಲ್ಲಿ ಮಾಸುತ್ತದೆ. ಗಿಳಿಹಸಿರು, ಆಕಾಶನೀಲಿ, ಜೇನಿನ ಬಣ್ಣ, ಇಂಥವು ಸಾಕು. ಮೂರ್ನಾಲ್ಕು ಬಣ್ಣ ಬೆರೆತ ಶೇಡೆಡ್ ದಾರ ಉಂಡೆಯಲ್ಲಿ ಕಾಣುವಷ್ಟು ಚೆಂದ ಬಟ್ಟೆಯಲ್ಲಿ ಕಾಣುವುದಿಲ್ಲ, ನೀವು ಕಷ್ಟಪಟ್ಟು ಹಾಕಿದ ಡಿಸೈನನ್ನೂ ನುಂಗಿಬಿಡುತ್ತದೆ.

ಇನ್ನು ದಪ್ಪ. ಇಲ್ಲಿ ಸ್ವಲ್ಪ ನಿಧಾನಿಸಬೇಕು. ಅಂಗಡಿಯವರು "ಎರಡೆಳೆ, ನಾಲ್ಕೆಳೆ" ಅನ್ನುತ್ತಾರೆ, ಲೇಬಲ್ ಮೇಲೆ 4 ಪ್ಲೈ ಅಂತ ಇರುತ್ತದೆ. ಅದನ್ನು ಪೂರ್ತಿ ನಂಬಬೇಡಿ. ಪ್ಲೈ ಅಂದರೆ ಎಷ್ಟು ಎಳೆ ಸೇರಿಸಿ ಹುರಿ ಮಾಡಿದ್ದಾರೆ ಅನ್ನುವ ಲೆಕ್ಕ. ನಾಲ್ಕು ತೆಳು ಎಳೆ ಸೇರಿದರೂ ದಾರ ತೆಳ್ಳಗೇ ಇರಬಹುದು, ಎರಡು ದಪ್ಪ ಎಳೆ ಸೇರಿದರೂ ಹಗ್ಗದಂತಿರಬಹುದು. ಲೇಬಲ್ ಹಿಂದೆ ಎರಡು ಕಡ್ಡಿಯ ಚಿತ್ರವಿರುವ ಒಂದು ಚೌಕ ಹುಡುಕಿ. ಎಷ್ಟು ಎಂಎಂ ಕಡ್ಡಿ, 10 ಸೆಂಟಿಮೀಟರಿಗೆ ಎಷ್ಟು ಕುಣಿಕೆ ಅಂತ ಅದರಲ್ಲಿ ಬರೆದಿರುತ್ತದೆ. 4 ಎಂಎಂ ಆಸುಪಾಸಿನ ಕಡ್ಡಿ, 21ರಿಂದ 24 ಕುಣಿಕೆ ಅಂತಿದ್ದರೆ ಅದು ಡಿಕೆ, ಅಂದರೆ ಡಬಲ್ ನಿಟಿಂಗ್ ದಪ್ಪ. 5 ಎಂಎಂ ಆಸುಪಾಸು, 16ರಿಂದ 20 ಕುಣಿಕೆ ಇದ್ದರೆ ವರ್ಸ್ಟೆಡ್ ಅನ್ನುವ, ಡಿಕೆಗಿಂತ ಒಂದಳತೆ ದಪ್ಪದ ದಾರ. ದಪ್ಪವನ್ನು 0ಯಿಂದ 7ರವರೆಗೆ ಅಂಕಿಯಲ್ಲಿ ತೋರಿಸುವ ಲೇಬಲ್‌ಗಳೂ ಉಂಟು. ಅದರಲ್ಲಿ ಡಿಕೆ 3, ವರ್ಸ್ಟೆಡ್ 4. ಹೊಸಬರಿಗೆ ಈ ಎರಡರಲ್ಲಿ ಒಂದು. ಅದಕ್ಕಿಂತ ತೆಳುವಾದರೆ ಕೆಲಸ ಸಾಗಿದಂತೆಯೇ ಕಾಣುವುದಿಲ್ಲ. ತೀರಾ ದಪ್ಪವಾದರೆ ಬೇಗ ಮುಗಿಯುತ್ತದೆ ನಿಜ, ಆದರೆ ಅಂಥ ಸ್ವೆಟರ್ ಹಾಕಿಕೊಳ್ಳಲು ನಮ್ಮೂರಿನಲ್ಲಿ ಚಳಿ ಎಲ್ಲಿದೆ? ಡಿಸೆಂಬರ್, ಜನವರಿಯಲ್ಲಿ ಬೆಳಿಗ್ಗೆ ಎಂಟರವರೆಗೆ ಬೇಕು, ಒಂಬತ್ತಕ್ಕೆ ಕಿತ್ತು ಬ್ಯಾಗಿಗೆ ಹಾಕಬೇಕು. ನಮಗೆ ಡಿಕೆ ಧಾರಾಳ.

ದಪ್ಪ ಆಯಿತು, ಈಗ ಹುರಿ. ದಾರದ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಹುರಿಗೆ ಎದುರು ದಿಕ್ಕಿನಲ್ಲಿ ತಿರುವಿ ನೋಡಿ. ಮುಟ್ಟಿದ ಕೂಡಲೇ ಎಳೆಗಳು ಬೇರೆಯಾಗಿ ಚೆಲ್ಲಾಪಿಲ್ಲಿಯಾದರೆ ಬೇಡ. ಕಡ್ಡಿಯ ಮೊನೆ ಕುಣಿಕೆಯೊಳಗೆ ಹೋಗುವ ಬದಲು ಎಳೆಗಳ ನಡುವೆ ತೂರಿಕೊಂಡು, ಒಂದು ಕುಣಿಕೆ ಎರಡಾಗುವುದು ಇಂಥ ದಾರದಲ್ಲೇ. ಆಮೇಲೆ ಒಂದು ಗೇಣು ದಾರ ಹಿಡಿದು ಮೆಲ್ಲಗೆ ಎಳೆದು ಬಿಡಿ. ಸ್ವಲ್ಪ ಹಿಗ್ಗಿ ವಾಪಸ್ ಬರಬೇಕು. ಹಾಗೆ ಹಿಗ್ಗುವ ದಾರ ನಿಮ್ಮ ಕೈಯ ಬಿಗಿ–ಸಡಿಲವನ್ನು ಮುಚ್ಚಿಕೊಳ್ಳುತ್ತದೆ. ಕೊನೆಗೆ ಉಗುರಿನಿಂದ ಒಂದೇ ಕಡೆ ಹತ್ತು ಸಲ ಕೆರೆಯಿರಿ. ಅಷ್ಟಕ್ಕೇ ಜುಂಗು ಎದ್ದರೆ ಅದನ್ನು ಎರಡನೇ ಸಲ ಬಿಚ್ಚಲು ಆಗದು. ಅಂಗಡಿಯವರು ಮುಖ ಸಿಂಡರಿಸಬಹುದು. "ಅಣ್ಣಾ, ಮಗೀಗೆ ಹಾಕ್ತಿರೋದು, ಚುಚ್ಚುತ್ತಾ ನೋಡ್ತೀನಿ" ಅಂದರೆ ಸುಮ್ಮನಾಗುತ್ತಾರೆ. ಚುಚ್ಚುತ್ತದೋ ಇಲ್ಲವೋ ಅಂಗೈಯಲ್ಲಿ ನೋಡಿದರೆ ಗೊತ್ತಾಗುವುದಿಲ್ಲ, ಕತ್ತಿನ ಪಕ್ಕಕ್ಕೆ ಒತ್ತಿ ನೋಡಿ.

ಒಂದೇ ಬಣ್ಣದ ಎರಡು–ಮೂರು ಉಂಡೆ ಬೇಕಿದ್ದರೆ ಒಂದೇ ಸಲ ಕೊಳ್ಳಿ. ಲೇಬಲ್ ಮೇಲೆ ಶೇಡ್ ನಂಬರ್ ಜೊತೆ ಲಾಟ್ ನಂಬರ್ ಇರುತ್ತದೆ, ಎರಡೂ ಹೊಂದಬೇಕು. ಬಣ್ಣದ ಒಂದು ಹಂಡೆಗೂ ಇನ್ನೊಂದು ಹಂಡೆಗೂ ಕೂದಲೆಳೆಯಷ್ಟು ವ್ಯತ್ಯಾಸ ಬರುತ್ತದೆ. ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಅದು ಕಾಣದು, ಬಿಸಿಲಿಗೆ ಬಂದರೆ ಮಫ್ಲರ್ ನಡುವೆ ಗೆರೆ ಎಳೆದಂತೆ ಕಾಣುತ್ತದೆ. ಮಂಡಿಪೇಟೆಯಲ್ಲಿ ಒಂದು ಉಂಡೆ ತಂದು, ತಿಂಗಳು ಬಿಟ್ಟು ಚಿಕ್ಕಪೇಟೆಯಲ್ಲಿ ಇನ್ನೊಂದು ಹುಡುಕುವ ಕೆಲಸ ಬೇಡ.

ದಾರ ಲಡಿಯಾಗಿ ಸಿಕ್ಕರೆ ಹಾಗೇ ಹಾಕಲು ಹೋಗಬೇಡಿ. ಕುರ್ಚಿಯ ಬೆನ್ನಿಗೆ ಹಾಕಿಯೋ, ಮನೆಯಲ್ಲಿ ಯಾರದ್ದಾದರೂ ಎರಡು ಕೈ ಸಾಲ ಪಡೆದೋ ಸಡಿಲವಾಗಿ ಉಂಡೆ ಸುತ್ತಿ. ಬಿಗಿಯಾಗಿ ಸುತ್ತಿದರೆ ದಾರದ ಹಿಗ್ಗು ಸಾಯುತ್ತದೆ.

ನಮ್ಮ ಕಡೆಯ ಉಣ್ಣೆ, ರೇಷ್ಮೆ, ಹತ್ತಿ

"ಶಿರಾ ಕಡೆ ಕಂಬಳಿ ನೇಯ್ತಾರಲ್ಲ, ಆ ನೂಲು ತಂದು ಹಾಕಬಹುದಾ?" ಅಂತ ಕೇಳುವವರಿದ್ದಾರೆ. ಕಂಬಳಿಗೆ ಬೇಕಾದ್ದು ಗಡುಸು ನೂಲು. ಮಳೆ ತಡೆಯಬೇಕು, ವರ್ಷಾನುಗಟ್ಟಲೆ ಬಾಳಬೇಕು. ಮೈಗೆ ತಾಗಿದರೆ ಚುಚ್ಚುತ್ತದೆ, ಕೈಯಲ್ಲಿ ನೂತದ್ದಾದರೆ ದಪ್ಪ ಒಂದೇ ಸಮ ಇರುವುದಿಲ್ಲ. ಕೈ ಪಳಗಿದ ಮೇಲೆ ಕೂರುವ ಚಾಪೆಯೋ ಬ್ಯಾಗೋ ಹಾಕಲು ಅದು ಬಲು ಚೆಂದ, ಮೊದಲ ಟೋಪಿಗಲ್ಲ. ಶಿಡ್ಲಘಟ್ಟದ ರೇಷ್ಮೆಯ ಕತೆ ಬೇರೆ. ಗೂಡಿನಿಂದ ತೆಗೆದ ಎಳೆ ಕೂದಲಿಗಿಂತ ತೆಳು. ಎಷ್ಟೋ ಎಳೆ ಸೇರಿಸಿ ಹುರಿ ಮಾಡಿದರೂ ಕಡ್ಡಿಯಿಂದ ಜಾರುತ್ತಲೇ ಇರುತ್ತದೆ, ಹಿಗ್ಗಿದ್ದು ಕುಗ್ಗುವುದೂ ಇಲ್ಲ.

ಅಂಗಡಿಯಲ್ಲಿ ಸಿಗುವ ಮೆತ್ತನೆಯ ಕುರಿ ಉಣ್ಣೆ ಹಾಕಲು ಹಿತ. ಆದರೆ ಅದನ್ನು ಬಿಸಿನೀರಲ್ಲಿ ನೆನೆಸಿ ಉಜ್ಜಿದರೆ ದಪ್ಪಗಟ್ಟಿ ಅರ್ಧಕ್ಕರ್ಧ ಕುಗ್ಗುತ್ತದೆ. ಯಾರಿಗಾದರೂ ಉಡುಗೊರೆ ಕೊಡುವುದಾದರೆ, ಅವರ ಮನೆಯಲ್ಲಿ ಬಟ್ಟೆ ಯಾರು, ಹೇಗೆ ಒಗೆಯುತ್ತಾರೆ ಅಂತ ಯೋಚಿಸಿ ದಾರ ಕೊಳ್ಳಿ. ಹತ್ತಿ ದಾರ ಸೆಖೆಗೆ ತಂಪು, ಪಾತ್ರೆ ಒರೆಸುವ ಬಟ್ಟೆಗೆ, ಮುಖ ಒರೆಸುವ ಚೌಕಕ್ಕೆ ಅದೇ ಬೇಕು. ಹಿಗ್ಗು ಕಮ್ಮಿ ಇರುವುದರಿಂದ ಬೆರಳು ಬೇಗ ನೋಯುತ್ತದೆ, ಬಿಗಿ–ಸಡಿಲವೆಲ್ಲ ಹಾಗೇ ಎದ್ದು ಕಾಣುತ್ತದೆ.

"ಪ್ಯೂರ್ ವುಲ್ ಅಕ್ಕಾ" ಅಂತ ಹೆಚ್ಚು ದುಡ್ಡು ಕೇಳಿದರೆ, ಒಂದು ಉಂಡೆ ತಂದು ಬೆರಳುದ್ದ ತುಂಡನ್ನು ಸ್ಟೀಲ್ ತಟ್ಟೆ ಮೇಲೆ ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ. ಹತ್ತಿಯದ್ದು ಕಾಗದ ಸುಟ್ಟ ವಾಸನೆ. ಆ ಮಣಿ ಪೂರ್ತಿ ಆರುವವರೆಗೆ ಮುಟ್ಟಬೇಡಿ.

ಕಡ್ಡಿಯ ನಂಬರು, ತಿಪಟೂರು ಕಾಯಿಯ ಟೋಪಿ

ನಮ್ಮ ಅತ್ತೆಯವರ ಹಳೇ ಬಿಸ್ಕತ್ ಡಬ್ಬಿಯಲ್ಲಿ ಒಂದು ಕಂತೆ ಕಡ್ಡಿ ಇತ್ತು, ಒಂದೊಂದರ ತಲೆಯ ಮೇಲೂ ನಂಬರು. ನಾನು ಇಂಟರ್ನೆಟ್‌ನಿಂದ ಇಳಿಸಿಕೊಂಡ ಮಗುವಿನ ಟೋಪಿಯ ಪ್ಯಾಟರ್ನಿನಲ್ಲಿ 8ನೇ ನಂಬರ್ ಕಡ್ಡಿ, 72 ಕುಣಿಕೆ ಅಂತಿತ್ತು. ಡಬ್ಬಿಯಲ್ಲಿ 8 ಸಿಕ್ಕಿತು, ಹಾಕಿದೆ. ಮೂರು ವಾರ ರೈಲಿನಲ್ಲಿ ಹಾಕಿ, ಹೊಲಿದು, ನಾದಿನಿಯ ಮಗುವಿಗೆ ತೊಡಿಸಿದರೆ ನೆತ್ತಿಯ ಮೇಲೆ ಕೂತಿತು, ಕೆಳಗಿಳಿಯಲೊಲ್ಲದು. "ಅತ್ತಿಗೇ, ಇದು ಮಗೀಗಾ, ತಿಪಟೂರು ಕಾಯಿಗಾ?" ಅಂತ ಅವಳು ನಕ್ಕಿದ್ದು ಈಗಲೂ ಮನೆಯಲ್ಲಿ ಹಬ್ಬ ಬಂದಾಗೆಲ್ಲ ಹೊರಬರುತ್ತದೆ.

ತಪ್ಪು ಎಲ್ಲಾಯಿತು ಅಂದರೆ, ನಮ್ಮಲ್ಲಿ ಹಳೇ ಕಡ್ಡಿಗಳಿಗೆ ಇರುವುದು ಇಂಗ್ಲೆಂಡಿನ ಲೆಕ್ಕ. ಅದರಲ್ಲಿ ನಂಬರು ಹೆಚ್ಚಿದಷ್ಟೂ ಕಡ್ಡಿ ತೆಳು. 8 ಅಂದರೆ 4 ಎಂಎಂ, 10 ಅಂದರೆ 3.25, 12 ಅಂದರೆ 2.75. ಅಮೆರಿಕದ್ದು ತಿರುವುಮುರುವು, ನಂಬರು ಹೆಚ್ಚಿದಷ್ಟೂ ದಪ್ಪ. ಅಲ್ಲಿ 8 ಅಂದರೆ 5 ಎಂಎಂ. ಪ್ಯಾಟರ್ನ್ ಬರೆದವರ ಅಳತೆಯಲ್ಲಿ 10 ಸೆಂಟಿಮೀಟರಿಗೆ 18 ಕುಣಿಕೆ, ಅಂದರೆ 72 ಕುಣಿಕೆಗೆ 40 ಸೆಂಟಿಮೀಟರ್ ಸುತ್ತಳತೆ. ನನ್ನ ತೆಳು ಕಡ್ಡಿಯಲ್ಲಿ 10 ಸೆಂಟಿಮೀಟರಿಗೆ 22 ಬಂದಿದ್ದರಿಂದ ಟೋಪಿ 33ಕ್ಕೂ ಮುಟ್ಟಲಿಲ್ಲ. ಆದ್ದರಿಂದ ನಂಬರು ಮರೆತುಬಿಡಿ, ಎಂಎಂ ಒಂದನ್ನೇ ಕೇಳಿ. ಹಳೇ ಕಡ್ಡಿಯ ಎಂಎಂ ಗೊತ್ತಿಲ್ಲದಿದ್ದರೆ ತೂತುಗಳಿರುವ ಅಳತೆ ಪಟ್ಟಿ ಸಿಗುತ್ತದೆ. ಕಡ್ಡಿ ಯಾವ ತೂತಿನಲ್ಲಿ ಅಲುಗಾಡದೆ ಹೋಗುತ್ತದೋ ಅದೇ ಅದರ ಅಳತೆ.

ಕಲಿಯುವಾಗ ಬಿದಿರಿನ ಕಡ್ಡಿ ಒಳ್ಳೆಯದು. ಅಕ್ರಿಲಿಕ್ ಮೊದಲೇ ನುಣುಪು, ಸ್ಟೀಲ್ ಕಡ್ಡಿಯ ಮೇಲಾದರೆ ಕುಣಿಕೆಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಜಾರಿ ಬೀಳುತ್ತವೆ. ಬಸ್ಸು, ರೈಲಿನಲ್ಲಿ ಹಾಕುವವರು ವೈರಿನಿಂದ ಜೋಡಿಸಿದ ಸರ್ಕ್ಯುಲರ್ ಕಡ್ಡಿಯನ್ನೇ ಕೊಳ್ಳಿ. ಅದರಲ್ಲಿ ಉದ್ದ ಪಟ್ಟಿಯನ್ನೂ ಹಾಕಬಹುದು. ಒಂದು ಕಡ್ಡಿ ಸೀಟಿನ ಕೆಳಗೆ ಉರುಳಿ ಹೋಗುವ ಭಯವಿಲ್ಲ, ಪಕ್ಕದವರ ಪಕ್ಕೆಗೂ ತಿವಿಯುವುದಿಲ್ಲ.

ಪ್ಯಾಟರ್ನ್ ಆರಿಸುವಾಗ

ಮೊದಲ ಕೆಲಸಕ್ಕೆ ಯಾರ ಮೈಯಳತೆಗೂ ಕೂರಬೇಕಾದ್ದನ್ನು ಹಿಡಿಯಬೇಡಿ. ಸ್ವೆಟರಂತೂ ಬೇಡವೇ ಬೇಡ. ದೊಡ್ಡವರ ಸ್ವೆಟರಿಗೆ ಅರ್ಧ ಕಿಲೋ ದಾರ ಬೇಕು, ತಿಂಗಳುಗಟ್ಟಲೆ ಸಮಯ ಬೇಕು, ಕೊನೆಗೆ ತೋಳು ಒಂದು ಉದ್ದ ಒಂದು ಗಿಡ್ಡ. ಎಲ್ಲರೂ ಮಫ್ಲರ್ ಹಾಕಿ ಅನ್ನುತ್ತಾರೆ, ನನಗೆ ಅದೂ ಅಷ್ಟು ಸರಿ ಕಾಣುವುದಿಲ್ಲ. ಐದಡಿ ಉದ್ದ ಒಂದೇ ಥರ ಹಾಕುತ್ತಾ ಮೂರನೇ ಅಡಿಗೇ ಬೇಸರ ಬರುತ್ತದೆ. ನಮ್ಮ ರೈಲಿನಲ್ಲಿ ಹೊಸಬರಿಗೆ ನಾವು ಕೊಡುವುದು ಕಿವಿಪಟ್ಟಿ. ಬಾಣಂತಿಯರಿಗೆ ಕಿವಿಗೆ ಹತ್ತಿ ಇಟ್ಟು ಸ್ಕಾರ್ಫ್ ಬಿಗಿಯುತ್ತೇವಲ್ಲ, ಆ ಜಾಗಕ್ಕೆ ಇದು ಹೇಳಿ ಮಾಡಿಸಿದ್ದು. ಬೆಳಿಗ್ಗೆ ವಾಕಿಂಗ್ ಹೋಗುವ ಮಾವನವರೂ ಬೇಡ ಅನ್ನುವುದಿಲ್ಲ.

ಡಿಕೆ ದಾರ, 4 ಎಂಎಂ ಕಡ್ಡಿ, 22 ಕುಣಿಕೆ ಏರಿಸಿ. ಏರಿಸುವಾಗ ಮಾತ್ರ ಒಂದಳತೆ ದಪ್ಪದ ಕಡ್ಡಿ ಬಳಸಿದರೆ ಅಂಚು ಬಿಗಿಯುವುದಿಲ್ಲ. ಎಲ್ಲ ಸಾಲೂ ಸೀದಾ, ಅಂದರೆ ಇಂಗ್ಲಿಷ್ ಪ್ಯಾಟರ್ನಿನವರು ನಿಟ್ ಅನ್ನುವುದು. ಎರಡೂ ಕಡೆ ಏಣುಏಣಾಗಿ ಬರುವ ಇದಕ್ಕೆ ಗಾರ್ಟರ್ ಅನ್ನುತ್ತಾರೆ. ತಲೆಯ ಸುತ್ತಳತೆಗಿಂತ ಮೂರು ಬೆರಳು ಕಮ್ಮಿ ಉದ್ದವಾದಾಗ ಕುಣಿಕೆಗಳನ್ನು ಮುಚ್ಚಿ ಮುಗಿಸಿ, ಎರಡು ತುದಿ ಸೇರಿಸಿ ಹೊಲಿಯಿರಿ. 50 ಗ್ರಾಂ ಉಂಡೆಯಲ್ಲಿ ಆಗುತ್ತದೆ. ಕುಣಿಕೆ ಏರಿಸುವುದು, ಸೀದಾ ಹಾಕುವುದು, ಮುಚ್ಚುವುದು, ಹೊಲಿಯುವುದು, ನಾಲ್ಕೂ ಇದರಲ್ಲೇ ಕೈಗೆ ಬರುತ್ತವೆ. ಹೊಸಬರಿಗೆ ತುಮಕೂರಿನ ಮುಂದಿನ ಸ್ಟೇಷನ್ ಕ್ಯಾತ್ಸಂದ್ರ ಬರುವಷ್ಟರಲ್ಲಿ ಒಂದು ಸಾಲಾದರೆ ಸಾಕು.

ಎರಡನೆಯದಕ್ಕೆ ಹತ್ತಿ ದಾರದಲ್ಲಿ ಒಂದು ಚೌಕ, ಮಾಸ್ ಹೊಲಿಗೆಯಲ್ಲಿ. ಇಲ್ಲಿ ಹೊಲಿಗೆ ಅಂದರೆ ಸೂಜಿಯದ್ದಲ್ಲ, ಕುಣಿಕೆ ಹಾಕುವ ಬಗೆ. ಕುಣಿಕೆ ಬೆಸ ಸಂಖ್ಯೆಯಲ್ಲಿರಲಿ, ಉದಾಹರಣೆಗೆ 35. ಪ್ರತಿ ಸಾಲಿನಲ್ಲೂ ಒಂದು ಸೀದಾ, ಒಂದು ಉಲ್ಟಾ, ಕೊನೆಗೆ ಸೀದಾ. ಉಲ್ಟಾ ಅಂದರೆ ಪರ್ಲ್. ತಪ್ಪಿದರೆ ರಾಗಿ ಚೆಲ್ಲಿದಂತಿರುವ ಆ ಕಾಳುಗಳ ಸಾಲು ಕೆಟ್ಟು ತಾನಾಗೇ ತೋರಿಸುತ್ತದೆ. ಇವೆರಡೂ ಆದ ಮೇಲೆ ಕುಲಾವಿಗೆ ಬನ್ನಿ, ಅಷ್ಟರಲ್ಲಿ ಮಫ್ಲರ್ ಹಾಕುವ ತಾಳ್ಮೆಯೂ ಬಂದಿರುತ್ತದೆ. ಮಫ್ಲರಿಗೆ 150ರಿಂದ 200 ಗ್ರಾಂ ತೆಗೆದಿಡಿ.

ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಹಾಕಿದರೆ ಅಂಗಡಿ ಸ್ವೆಟರಿನಂತೆ ನುಣುಪು ಬಟ್ಟೆ ಬರುತ್ತದೆ. ಹೊಸಬರು ಇದಕ್ಕೇ ಮರುಳಾಗುವುದು. ಆದರೆ ಅದರ ಅಂಚುಗಳು ಹಪ್ಪಳ ಬಿಸಿಲಿಗೆ ಮುದುಡಿದಂತೆ ಸುತ್ತಿಕೊಳ್ಳುತ್ತವೆ. ಅದು ನಿಮ್ಮ ತಪ್ಪಲ್ಲ, ಆ ಹೊಲಿಗೆಯ ಗುಣವೇ ಹಾಗೆ. ಬರೀ ಅದರಲ್ಲೇ ಮಫ್ಲರ್ ಹಾಕಿದರೆ ಕೊಳವೆ ಆಗುತ್ತದೆ. ಸುತ್ತ ನಾಲ್ಕೈದು ಕುಣಿಕೆ ಗಾರ್ಟರ್ ಅಂಚು ಕೊಟ್ಟಿರುವ ಪ್ಯಾಟರ್ನ್ ಹುಡುಕಿ.

ಇಂಟರ್ನೆಟ್‌ನಲ್ಲಿ ರಾವೆಲ್ರಿಯಂಥ ವೆಬ್‌ಸೈಟ್‌ಗಳಲ್ಲಿ ಪುಕ್ಕಟೆ ಪ್ಯಾಟರ್ನ್ ಬೇಕಾದಷ್ಟಿವೆ. ಫೋಟೋ ನೋಡಿ ಮನಸೋಲುವ ಮುಂಚೆ ದಾರದ ದಪ್ಪ, ಕಡ್ಡಿಯ ಎಂಎಂ, 10 ಸೆಂಟಿಮೀಟರಿಗೆ ಎಷ್ಟು ಕುಣಿಕೆ, ಮುಗಿದ ಮೇಲಿನ ಅಳತೆ, ಇಷ್ಟೂ ಕೊಟ್ಟಿದ್ದಾರಾ ನೋಡಿ. ಒಂದು ಇಲ್ಲದಿದ್ದರೂ ಮುಂದಕ್ಕೆ ಹೋಗಿ. ಆಮೇಲೆ ಪೂರ್ತಿ ಒಂದು ಸಲ ಓದಿ. "ಕೆ2, ಪಿ2" ಅಂದರೆ ಎರಡು ಸೀದಾ, ಎರಡು ಉಲ್ಟಾ. ಎರಡು ನಕ್ಷತ್ರದ ಗುರುತುಗಳ ನಡುವೆ ಇರುವುದನ್ನು ಸಾಲಿನ ಕೊನೆವರೆಗೆ ಮತ್ತೆ ಮತ್ತೆ ಹಾಕಬೇಕು. "4ರ ಮಲ್ಟಿಪಲ್, ಪ್ಲಸ್ 2" ಅಂತಿದ್ದರೆ ಗಾಬರಿಯಾಗಬೇಡಿ. ನಾಲ್ಕರ ಮಗ್ಗಿಯಲ್ಲಿ ಬರುವ ಯಾವುದಾದರೂ ಸಂಖ್ಯೆಗೆ ಎರಡು ಸೇರಿಸಿ, 34 ಅಥವಾ 38, ಅಷ್ಟೆ. ಮಗುವಿಗೆ ಹಾಕುವುದಾದರೆ ತೂತುತೂತಿನ ಲೇಸ್ ಡಿಸೈನ್ ಬೇಡ, ಪುಟ್ಟ ಬೆರಳು ಸಿಕ್ಕಿಕೊಳ್ಳುತ್ತದೆ. ಒಳಗೆ ಬಿಟ್ಟ ದಾರದ ತುದಿಯೂ ಬೆರಳಿಗೆ ಸುತ್ತಿಕೊಳ್ಳಬಹುದು, ಪೂರ್ತಿ ಹೊಲಿದು ಮುಚ್ಚಿ.

ತಟ್ಟೆ ಇಡ್ಲಿಯಷ್ಟು ತುಂಡು

ದಾರ, ಕಡ್ಡಿ, ಪ್ಯಾಟರ್ನ್ ಮೂರೂ ಬಂದವು. ಅಸಲಿ ಕೆಲಸಕ್ಕೆ ಕೈ ಹಾಕುವ ಮುಂಚೆ ಒಂದು ಸ್ಯಾಂಪಲ್ ಹಾಕಿ. ಎಷ್ಟು ದೊಡ್ಡದು ಅಂದರೆ, ಕ್ಯಾತ್ಸಂದ್ರದ ತಟ್ಟೆ ಇಡ್ಲಿಯಷ್ಟು. ಡಿಕೆಯಲ್ಲಿ 30 ಕುಣಿಕೆ, 40 ಸಾಲು, ಪ್ಯಾಟರ್ನಿನಲ್ಲಿ ಹೇಳಿದ ಹೊಲಿಗೆಯಲ್ಲೇ. ಒಗೆದು, ಎಳೆಯದೆ ಟವೆಲ್ ಮೇಲೆ ಒಣಗಲು ಬಿಡಿ. ಅಂಚು ಬಿಟ್ಟು ನಡುವೆ ಸ್ಕೇಲ್ ಇಟ್ಟು 10 ಸೆಂಟಿಮೀಟರಿನಲ್ಲಿ ಎಷ್ಟು ಕುಣಿಕೆ ಇವೆ ಎಣಿಸಿ. ಪ್ಯಾಟರ್ನಿನಲ್ಲಿ 22 ಇದ್ದು ನಿಮಗೆ 20 ಬಂದರೆ ನಿಮ್ಮ ಕೈ ಸಡಿಲ. 88 ಕುಣಿಕೆಯ ಕುಲಾವಿ 40ರ ಬದಲು 44 ಸೆಂಟಿಮೀಟರ್ ಆಗಿ ಮಗುವಿನ ಕಣ್ಣು ಮುಚ್ಚುತ್ತದೆ. ಕಾಲು ಅಥವಾ ಅರ್ಧ ಎಂಎಂ ತೆಳು ಕಡ್ಡಿ ಹಿಡಿದು ಮತ್ತೆ ನೋಡಿ. 24 ಬಂದರೆ ದಪ್ಪ ಕಡ್ಡಿ. ಕೈಯನ್ನು ಬಲವಂತವಾಗಿ ಬಿಗಿ ಮಾಡಲು ಹೋಗಬೇಡಿ, ಐದು ಸಾಲಿನಲ್ಲಿ ಮರೆತು ಮೊದಲಿನಂತೇ ಹಾಕುತ್ತೀರಿ.

ಕಿವಿಪಟ್ಟಿಗೆ, ಒರೆಸುವ ಬಟ್ಟೆಗೆ ಇದನ್ನು ಬಿಟ್ಟರೂ ನಡೆಯುತ್ತದೆ. ಟೋಪಿಗೆ ಬಿಟ್ಟರೆ ಏನಾಗುತ್ತದೆ ಅಂತ ನಮ್ಮ ನಾದಿನಿಯನ್ನು ಕೇಳಿ.

ಬಿಚ್ಚುವ ಬಗ್ಗೆ ಒಂದು ಉಪಾಯ. ಹತ್ತು ಸಾಲು ಸರಿಯಾಗಿ ಬಂದಾಗಲೆಲ್ಲ ಬೇರೆ ಬಣ್ಣದ ಹೊಲಿಗೆ ದಾರವನ್ನು ಸೂಜಿಗೆ ಪೋಣಿಸಿ, ಕಡ್ಡಿಯ ಮೇಲಿರುವ ಎಲ್ಲ ಕುಣಿಕೆಗಳ ಒಳಗಿಂದ ಹಾಯಿಸಿ ಹಾಗೇ ಬಿಡಿ. ಮುಂದೆ ಎಲ್ಲೋ ಕೆಟ್ಟರೆ ಕಡ್ಡಿ ಹೊರಗೆಳೆದು ದಾರ ಎಳೆಯಿರಿ. ಆ ಕಾವಲು ದಾರದ ಹತ್ತಿರ ಬಂದು ತಾನೇ ನಿಲ್ಲುತ್ತದೆ, ಕುಣಿಕೆಗಳನ್ನು ಮತ್ತೆ ಕಡ್ಡಿಗೆ ಏರಿಸಿಕೊಳ್ಳಬಹುದು. ಒಂದೇ ಒಂದು ಕುಣಿಕೆ ಜಾರಿದ್ದರೆ ಅಷ್ಟೂ ಬೇಡ, ಕ್ರೋಶಾ ಕಡ್ಡಿಯಿಂದ ಮೆಟ್ಟಿಲು ಮೆಟ್ಟಿಲಾಗಿ ಮೇಲೆತ್ತಬಹುದು. ಬಿಚ್ಚಿದ ದಾರ ಶ್ಯಾವಿಗೆಯಂತೆ ಸುರುಳಿ ಸುರುಳಿಯಾಗಿರುತ್ತದೆ. ಲಡಿ ಮಾಡಿ ತಣ್ಣೀರಲ್ಲಿ ಅದ್ದಿ ನೆರಳಲ್ಲಿ ತೂಗುಹಾಕಿ, ನೆಟ್ಟಗಾಗುತ್ತದೆ.

ಮುಗಿದ ಮೇಲೆ ಲೇಬಲ್ ಎಸೆಯಬೇಡಿ. ಒಂದು ಹಳೇ ಡೈರಿಯಲ್ಲಿ ಅದನ್ನು ಅಂಟಿಸಿ, ಪಕ್ಕದಲ್ಲಿ ಬೆರಳುದ್ದ ದಾರ ಕಟ್ಟಿ, ಕಡ್ಡಿ ಎಷ್ಟು ಎಂಎಂ, ಎಷ್ಟು ಕುಣಿಕೆ, ಯಾರಿಗೆ ಅಂತ ಬರೆದಿಡಿ. ನನ್ನ ಡೈರಿಯ ಮೊದಲ ಪುಟದಲ್ಲಿ ಆ ಕಪ್ಪು ರೋಮದ ದಾರದ ತುಂಡಿದೆ. ಯಾರಿಗೆ ಅನ್ನುವ ಕಡೆ ಖಾಲಿ.